ಹಣ ಸಮನಾದ ಮೇಲೆ

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೋಕದಲ್ಲಿ, ವರ್ಷವರ್ಷವೂ ಜೂನ್ ಮುಗಿದು ಜುಲೈ ಹುಟ್ಟುವ ಹೊತ್ತಿಗೆ, ಪಂದ್ಯಗಳೆಲ್ಲ ಸಮಾಪ್ತವಾಗಿ ಅಂಕಣಗಳು ಬರಿದಾದ ಮೇಲೆ, ಚೆಂಡಿನ ಹಂಗಿಲ್ಲದೆಯೇ ನಡೆಯುವ ಇನ್ನೊಂದು ಸ್ಪರ್ಧೆಯು ಪ್ರಾರಂಭವಾಗುತ್ತದೆ. ಕರಾರಿನ ಅವಧಿ ತೀರಿ ಸ್ವತಂತ್ರನಾದ ಆಟಗಾರನನ್ನು, ಅಲ್ಲಿಯವರು ಫ್ರೀ ಏಜೆಂಟ್ ಎಂದು ಕರೆಯುವಾತನನ್ನು, ತಮ್ಮ ಕಡೆಗೆ ಒಲಿಸಿಕೊಳ್ಳುವುದಕ್ಕಾಗಿ ತಂಡಗಳ ಮಾಲಿಕರೂ ತರಬೇತುದಾರರೂ ವ್ಯವಸ್ಥಾಪಕರೂ ವಿಮಾನವೇರಿ ಊರಿಂದೂರಿಗೆ ಧಾವಿಸುತ್ತಾರೆ. ನಮ್ಮ ಐಪಿಎಲ್ ಕ್ರಿಕೆಟ್ಟಿನ ಹರಾಜನ್ನು ಕಂಡು ಬಲ್ಲ ಓದುಗರಿಗೆ ಇದು ಪೂರ್ವಪಶ್ಚಿಮವಾಗಿ ತೋರೀತು. ಅಲ್ಲಿ ತಂಡದವರು ಬೆಲೆ ಕೂಗುತ್ತಾರೆ, ತಾನು ಯಾವ ಊರಿನ ಪಾಲಾದೆನೆಂಬುದನ್ನು ಆಟಗಾರನು ಟೆಲಿವಿಷನ್ನಿನಲ್ಲಿ ನೋಡಿ ತಿಳಿಯುತ್ತಾನೆ. ಇಲ್ಲಿಯಾದರೋ ತಮ್ಮ ಗುಣವನ್ನು ನಿವೇದಿಸಿಕೊಳ್ಳಬೇಕಾದವರು ತಂಡದವರು, ಕೇಳಿ ತೀರ್ಮಾನಿಸತಕ್ಕವನು ಆಟಗಾರ. ಹತ್ತು ಬಾಗಿಲುಗಳು ಏಕಕಾಲಕ್ಕೆ ತೆರೆದಿರುವಾಗ ಒಬ್ಬ ಮಹಾ ಆಟಗಾರನು ಒಂದನ್ನೇ ಹೊಕ್ಕು ಉಳಿದವನ್ನು ಬಿಡುವುದು ಯಾವ ಆಕರ್ಷಣೆಯಿಂದ ಎಂಬುದು ಕ್ರೀಡೆಗೆ ಸಂಬಂಧಪಟ್ಟ ಪ್ರಶ್ನೆಯಾಗಿರುವಷ್ಟೇ ಮನುಷ್ಯಸ್ವಭಾವಕ್ಕೆ ಸಂಬಂಧಪಟ್ಟ ಪ್ರಶ್ನೆಯೂ ಆಗಿದೆ.

ಹಣವೆಂಬ ಉತ್ತರವು ಎಲ್ಲರ ನಾಲಗೆಯ ತುದಿಯಲ್ಲಿಯೇ ಇರುತ್ತದೆ. ಸಾಧಾರಣ ಆಟಗಾರರ ವಿಷಯದಲ್ಲಿ ಅದು ಬಹುಮಟ್ಟಿಗೆ ದಿಟವೂ ಹೌದು. ಆದರೆ ಪರಮೋಚ್ಚ ಶ್ರೇಣಿಯವರ ಮಟ್ಟಿಗೆ ಆ ಉತ್ತರವು ಅಷ್ಟು ದೂರ ಹೋಗಲಾರದು. ಈ ಪಂದ್ಯಗಳನ್ನು ನಡೆಸುವ ಎನ್‌ಬಿಎ ಸಂಸ್ಥೆಯ ನಿಬಂಧನೆಗಳೇ ಅಲ್ಲಿ ಹಣದ ಕೈಯನ್ನು ಕಟ್ಟಿಹಾಕಿವೆ. 1984–85ರಿಂದ ಮೊದಲ್ಗೊಂಡು ಪ್ರತಿಯೊಂದು ತಂಡದ ಒಟ್ಟು ಸಂಬಳಕ್ಕೂ ಒಂದು ಮಿತಿಯುಂಟು. ಆ ಮೊದಲ ವರ್ಷ 36 ಲಕ್ಷ ಡಾಲರ್ ಆಗಿದ್ದ ಅದು 2024–25ರಲ್ಲಿ 14 ಕೋಟಿಯನ್ನು ದಾಟಿತು. 1999ರ ಒಪ್ಪಂದದಿಂದೀಚೆಗೆ ಒಬ್ಬೊಬ್ಬ ಆಟಗಾರನ ವೇತನಕ್ಕೂ ಗರಿಷ್ಠವು ಗೊತ್ತಾಗಿದೆ: ಸ್ಥೂಲವಾಗಿ ಹೇಳುವುದಾದರೆ, ಆತನ ಅನುಭವವು ಆರು ವರ್ಷದೊಳಗಿದ್ದರೆ ತಂಡದ ಮಿತಿಯ ಶೇಕಡಾ 25, ಏಳರಿಂದ ಒಂಬತ್ತು ವರ್ಷವಾದರೆ 30, ಹತ್ತನ್ನು ಮುಟ್ಟಿದರೆ 35. ಇದರ ಪರಿಣಾಮವೆಂದರೆ, ನ್ಯೂಯಾರ್ಕಿನ ಕುಬೇರನಾಗಲಿ ಮಿಲ್ವಾಕಿಯ ಮಧ್ಯಮ ಶ್ರೀಮಂತನಾಗಲಿ, ಅತ್ಯುತ್ತಮ ಆಟಗಾರನ ಮುಂದೆ ಇಡಬಹುದಾದ ಕಾಗದದ ಮೇಲಿನ ಮೊದಲ ಅಂಕೆಯು ಒಂದೇ. ಅದಲ್ಲದೆ, ಆಟಗಾರನು ಈಗಾಗಲೇ ಇರುವ ತಂಡಕ್ಕೆ ಒಂದು ಅನುಕೂಲವನ್ನು ಕಲ್ಪಿಸಲಾಗಿದೆ. ಅದು ಮಿತಿಯನ್ನು ಮೀರಿಯೂ ತನ್ನವನನ್ನು ಉಳಿಸಿಕೊಳ್ಳಬಹುದು, ಐದು ವರ್ಷಗಳ ಕರಾರನ್ನೂ ಶೇಕಡಾ 8ರ ವಾರ್ಷಿಕ ಬಡ್ತಿಯನ್ನೂ ಕೊಡಬಹುದು. ಹೊರಗಿನವರು ನಾಲ್ಕು ವರ್ಷವನ್ನೂ ಶೇಕಡಾ 5ನ್ನೂ ದಾಟುವಂತಿಲ್ಲ. ಆದುದರಿಂದ ತಂಡವನ್ನು ಬಿಟ್ಟು ಹೋಗುವ ತಾರೆಯು ಸಾಮಾನ್ಯವಾಗಿ ಹಣವನ್ನೂ ಬಿಟ್ಟೇ ಹೋಗುತ್ತಾನೆ. ಹಣವು ಹೀಗೆ ಸಮನಾದಾಗ, ಇಲ್ಲವೆ ನಷ್ಟದ ಕಡೆಗೇ ವಾಲಿದಾಗ, ಆತನನ್ನು ಎಳೆಯುವ ಇತರ ಶಕ್ತಿಗಳು ನಮ್ಮ ಕಣ್ಣಿಗೆ ಸ್ಪಷ್ಟವಾಗಿ ಕಾಣತೊಡಗುತ್ತವೆ.

ಒಬ್ಬನಿಗಾಗಿ ಇಷ್ಟೊಂದು ಪರದಾಟವೇಕೆ ಎಂದು ಕೇಳುವವರಿಗೆ ಹೇಳಬೇಕಾದುದಿಷ್ಟೆ: ಅಂಕಣದಲ್ಲಿ ಒಂದು ತಂಡದವರು ಐವರೇ, ಆ ಐವರಲ್ಲಿ ಒಬ್ಬನು ಅಸಾಧಾರಣನಾದರೆ ಚೆಂಡು ಬೇಕೆಂದಾಗಲೆಲ್ಲ ಅವನ ಕೈಗೇ ಬರಬಹುದು, ಪಂದ್ಯದ ಮುಕ್ಕಾಲು ಪಾಲಿಗಿಂತ ಹೆಚ್ಚು ಹೊತ್ತು ಅವನು ಆಡಬಹುದು. ಹನ್ನೊಂದು ಮಂದಿಯ ಆಟಗಳಲ್ಲಿ ಒಬ್ಬನ ಪ್ರಭಾವವು ಈ ಪ್ರಮಾಣಕ್ಕೆ ಏರುವುದು ವಿರಳ.

ಈ ಆಯ್ಕೆಯ ಹಕ್ಕು ಯಾರ ಔದಾರ್ಯದಿಂದಲೂ ಬಂದದ್ದಲ್ಲವೆಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಹಿಂದಿನ ಕಾಲದಲ್ಲಿ ಆಟಗಾರನು ಒಮ್ಮೆ ಒಂದು ತಂಡಕ್ಕೆ ಸಹಿ ಹಾಕಿದನೆಂದರೆ, ಕರಾರು ಮುಗಿದರೂ ಬಂಧನವು ಮುಗಿಯುತ್ತಿರಲಿಲ್ಲ. ತಂಡವು ಬಿಟ್ಟರೆ ಹೋಗಬೇಕು, ಬಿಡದಿದ್ದರೆ ಅಲ್ಲಿಯೇ ಇರಬೇಕು. ಆಟಗಾರರ ಸಂಘದ ಅಧ್ಯಕ್ಷರಾಗಿದ್ದ, ಸ್ವತಃ ಆ ಯುಗದ ಸರ್ವೋತ್ತಮರಲ್ಲಿ ಒಬ್ಬರಾಗಿದ್ದ ಆಸ್ಕರ್ ರಾಬರ್ಟ್‌ಸನ್ನರು 1970ರಲ್ಲಿ ಈ ಪದ್ಧತಿಯ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿದರು. ಆರು ವರ್ಷಗಳ ತರುವಾಯ, 1976ರಲ್ಲಿ, ರಾಜಿಯಾಗಿ ಬಾಗಿಲು ಅರ್ಧ ತೆರೆಯಿತು. 1988ರಲ್ಲಿ ಟಾಮ್ ಚೇಂಬರ್ಸ್ ಎಂಬಾತನು ಯಾವ ಅಡೆತಡೆಯೂ ಇಲ್ಲದೆ ಸಿಯಾಟಲ್ಲಿನಿಂದ ಫೀನಿಕ್ಸಿಗೆ ಹೋದಾಗ ಅದು ಪೂರ್ತಿಯಾಗಿ ತೆರೆಯಿತು. ಅಷ್ಟು ಹೊತ್ತಿಗೆ ರಾಬರ್ಟ್‌ಸನ್ನರು ಅಂಕಣವನ್ನು ತೊರೆದು ಹದಿನಾಲ್ಕು ವರ್ಷಗಳು ಸಂದಿದ್ದುವು. ತಾವು ಸವಿಯಲಾರದ ಹಣ್ಣಿಗಾಗಿ ಆ ಹಿರಿಯರು ಪಟ್ಟ ಪಾಡನ್ನು ಇಂದಿನ ಕೋಟ್ಯಧೀಶ ತಾರೆಗಳು ಎಷ್ಟು ಬಾರಿ ನೆನೆದರೂ ಕಡಿಮೆಯೇ. ಇಂದಿಗೂ ಸಹ ಹೊಸಬನಿಗೆ ಈ ಸ್ವಾತಂತ್ರ್ಯವಿಲ್ಲ. ಹತ್ತೊಂಬತ್ತು ಇಪ್ಪತ್ತರ ಹುಡುಗನು ಡ್ರಾಫ್ಟ್ ಎಂಬ ಹಂಚಿಕೆಯಲ್ಲಿ ಯಾವ ತಂಡದ ಸರದಿಗೆ ಸಿಕ್ಕಿದನೋ ಆ ಊರಿಗೆ ಹೋಗಿ, ಹೆಸರಾಂತವನಾಗಿದ್ದರೆ ಏಳೆಂಟು ವರ್ಷ ಅಲ್ಲಿ ದುಡಿದ ಬಳಿಕವೇ ತನ್ನ ದುಡಿಮೆಯ ಸ್ಥಳವನ್ನು ಜೀವನದಲ್ಲಿ ಮೊದಲ ಬಾರಿಗೆ ತಾನೇ ಆರಿಸಿಕೊಳ್ಳುತ್ತಾನೆ. ಹಾಗೆ ಆರಿಸಿಕೊಂಡವನನ್ನು ದ್ರೋಹಿಯೆಂದು ಜರೆಯುವ ಅಭಿಮಾನಿಗಳು ಈ ಸಂಗತಿಯನ್ನು ಮರೆಯುತ್ತಾರೆಂಬುದು ನನಗೆ ಸದಾ ಖೇದವನ್ನುಂಟುಮಾಡಿದೆ.

ವೈಯಕ್ತಿಕ ಗರಿಷ್ಠದ ಬೇಲಿ ಬೀಳುವುದಕ್ಕೆ ಮೊದಲು ಹಣಕ್ಕೆ ಇದ್ದ ಬಲವನ್ನು ತಿಳಿಯಲು 1996ರ ಶಕೀಲ್ ಓನೀಲನ ಪ್ರಕರಣವನ್ನು ನೋಡಬೇಕು. ಆರ್ಲಾಂಡೊ ತಂಡವನ್ನು ಹಿಂದಿನ ವರ್ಷವಷ್ಟೇ ಅಂತಿಮ ಸರಣಿಗೆ ಕೊಂಡೊಯ್ದಿದ್ದ ಆ ಬೃಹತ್ಕಾಯನನ್ನು ಲಾಸ್ ಏಂಜಲೀಸಿನ ಲೇಕರ್ಸ್ ತಂಡವು ಏಳು ವರ್ಷಗಳಿಗೆ 12 ಕೋಟಿ ಡಾಲರ್ ಕೊಟ್ಟು ಕರೆಸಿಕೊಂಡಿತು. ಅದಕ್ಕಾಗಿ ಜೆರ‍್ರಿ ವೆಸ್ಟ್ ಎಂಬ ಚತುರ ವ್ಯವಸ್ಥಾಪಕರು ತಮ್ಮ ನೆಚ್ಚಿನ ವ್ಲಾದೆ ದಿವಾಚನನ್ನು ಷಾರ್ಲಟ್ ತಂಡಕ್ಕೆ ಬಿಟ್ಟುಕೊಟ್ಟು ಸಂಬಳದ ಪಟ್ಟಿಯಲ್ಲಿ ಜಾಗ ಮಾಡಿಕೊಂಡರು. ಪ್ರತಿಯಾಗಿ ಬಂದವನು ಕೋಬಿ ಬ್ರಯಂಟ್ ಎಂಬ ಹದಿನೇಳರ ಹುಡುಗ. ಆದರೆ ಹಣವೊಂದೇ ಆಗಿದ್ದರೆ ಲೆಕ್ಕವು ಇಷ್ಟು ಸರಳವಾಗಿರುತ್ತಿರಲಿಲ್ಲ. ಫ್ಲಾರಿಡದಲ್ಲಿ ರಾಜ್ಯದ ಆದಾಯ ತೆರಿಗೆಯೇ ಇಲ್ಲ, ಕ್ಯಾಲಿಫೋರ್ನಿಯದಲ್ಲಿ ಅದು ಬಲು ಭಾರ. ಮಾತುಕತೆಗಳು ನಡೆಯುತ್ತಿದ್ದಾಗಲೇ ಆರ್ಲಾಂಡೊ ಸೆಂಟಿನೆಲ್ ಪತ್ರಿಕೆಯು, ಈ ಆಟಗಾರನಿಗೆ 11.5 ಕೋಟಿ ಡಾಲರ್ ತಕ್ಕುದೇ ಎಂದು ತನ್ನ ಓದುಗರನ್ನು ಕೇಳಿತು. ಉತ್ತರಿಸಿದವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಮಿಕ್ಕವರು ಅಲ್ಲವೆಂದರು. ನಾಲ್ಕು ವರ್ಷ ತಮ್ಮೂರಿನ ಹೆಸರನ್ನು ಎದೆಯ ಮೇಲೆ ಹೊತ್ತು ಆಡಿದವನಿಗೆ ಊರು ಕೊಟ್ಟ ಆ ಉತ್ತರವನ್ನು ಓದಿದ ಮೇಲೆ, ಆತನನ್ನು ಕಳೆದುಕೊಂಡುದಕ್ಕೆ ಲಾಸ್ ಏಂಜಲೀಸಿನ ಥಳುಕನ್ನು ಮಾತ್ರ ಕಾರಣವೆಂದು ಹೇಳಲು ಮನಸ್ಸು ಒಪ್ಪದು. 2000, 2001, 2002ರಲ್ಲಿ ಲೇಕರ್ಸ್ ಸತತವಾಗಿ ಮೂರು ಬಾರಿ ಚಾಂಪಿಯನ್ ಆಯಿತು.

ಶಕೀಲನ ಕರಾರಿನ ಮುಂದಿನ ವರ್ಷಗಳಲ್ಲಿ ಸಂಬಳಗಳು ಇನ್ನೂ ಏರಿದುವು. 1997–98ರಲ್ಲಿ ಷಿಕಾಗೊ ತಂಡವು ಮೈಕೆಲ್ ಜೋರ್ಡನ್ ಒಬ್ಬನಿಗೇ ಕೊಟ್ಟದ್ದು 3.3 ಕೋಟಿ ಡಾಲರ್. ಆ ವರ್ಷ ಇಡೀ ತಂಡದ ಮಿತಿಯೇ 2.69 ಕೋಟಿ! ಮಾಲಿಕರು ಬೆದರಿ ಬಾಗಿಲು ಮುಚ್ಚಿದರು; ಮುಂದಿನ ಋತುವು ಐವತ್ತು ಪಂದ್ಯಗಳಿಗೆ ಕುಗ್ಗಿತು; ಆ ಜಗಳದ ಫಲವಾಗಿಯೇ ಮೇಲೆ ಹೇಳಿದ ವೈಯಕ್ತಿಕ ಗರಿಷ್ಠವು ಹುಟ್ಟಿತು. ತಾರೆಗಳ ಬೆಲೆಯನ್ನು ಕಟ್ಟಿಹಾಕುವುದಕ್ಕೆಂದು ಮಾಲಿಕರು ತಂದ ಈ ನಿಯಮವು, ಅವರು ಎಣಿಸದೆ ಇದ್ದ ರೀತಿಯಲ್ಲಿ, ತಾರೆಗಳು ಒಟ್ಟುಗೂಡುವುದಕ್ಕೆ ದಾರಿಯನ್ನು ತೆರೆಯಿತು. ಮೂವರು ಮಹಾ ಆಟಗಾರರ ನಿಜವಾದ ಬೆಲೆಯನ್ನು ಯಾವ ತಂಡವೂ ತೆರಲಾರದಾಗಿದ್ದ ಕಾಲದಲ್ಲಿ, ಆ ಬೆಲೆಯನ್ನು ನಿಯಮವೇ ಇಳಿಸಿ, ಮೂವರನ್ನೂ ಒಂದೇ ಪಟ್ಟಿಯಲ್ಲಿ ಹಿಡಿಸುವಂತೆ ಮಾಡಿಕೊಟ್ಟಿತು.

ಇದು ಲೋಕಕ್ಕೆಲ್ಲ ತಿಳಿದದ್ದು 2010ರ ಬೇಸಿಗೆಯಲ್ಲಿ. ಒಹಾಯೊ ರಾಜ್ಯದ ಆಕ್ರನ್ ಪಟ್ಟಣದಲ್ಲಿ 1984ರಲ್ಲಿ ಹುಟ್ಟಿ, ನೆರೆಯ ಕ್ಲೀವ್‌ಲೆಂಡ್ ತಂಡಕ್ಕೆ 2003ರ ಡ್ರಾಫ್ಟಿನಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾಗಿ, ಏಳು ಋತುಗಳನ್ನು ಅಲ್ಲಿ ಕಳೆದ ಲೆಬ್ರಾನ್ ಜೇಮ್ಸ್ ಆ ವರ್ಷ ಸ್ವತಂತ್ರನಾದನು. ಜುಲೈ ಮೊದಲ ದಿನಗಳಲ್ಲಿ ಕ್ಲೀವ್‌ಲೆಂಡಿನ ಒಂದು ಕಚೇರಿಯ ಕೋಣೆಗೆ ನ್ಯೂಜೆರ್ಸಿ, ನ್ಯೂಯಾರ್ಕ್, ಮಯಾಮಿ, ಷಿಕಾಗೊ ಮುಂತಾದ ತಂಡಗಳವರು ಸರದಿಯ ಮೇಲೆ ಬಂದು ಅವನ ಎದುರು ಕುಳಿತರು. ನ್ಯೂಯಾರ್ಕಿನವರು ಈ ಒಂದು ಭೇಟಿಗಾಗಿಯೇ ಎರಡು ವರ್ಷಗಳಿಂದ ಸೋಲುಗಳನ್ನು ನುಂಗಿಕೊಂಡು, ದುಬಾರಿ ಕರಾರುಗಳನ್ನು ಕಳಚಿಹಾಕಿ, ಪಟ್ಟಿಯನ್ನು ತೆರವು ಮಾಡಿಟ್ಟಿದ್ದರು. ದೇಶದಲ್ಲೇ ದೊಡ್ಡ ನಗರ, ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಂತಹ ಖ್ಯಾತ ಅಂಕಣ, ಪತ್ರಿಕೆ ಜಾಹೀರಾತುಗಳ ರಾಜಧಾನಿ, ಇವೆಲ್ಲವೂ ಅವರ ಬತ್ತಳಿಕೆಯಲ್ಲಿದ್ದುವು. ಮಯಾಮಿಯ ಪ್ಯಾಟ್ ರೈಲಿಯವರಾದರೋ ಒಂದು ಪುಟ್ಟ ಚೀಲವನ್ನು ತಂದು ಮೇಜಿನ ಮೇಲಿಟ್ಟರೆಂದು ಆಗಿನ ಪತ್ರಿಕೆಗಳು ಬರೆದುವು. ಅದರೊಳಗೆ ಇದ್ದುವು, ಚಾಂಪಿಯನ್ ತಂಡದವರಿಗೆ ಕೊಡುವ ಉಂಗುರಗಳು. ಆಟಗಾರರಾಗಿ, ಸಹಾಯಕರಾಗಿ, ತರಬೇತುದಾರರಾಗಿ ನಾಲ್ಕು ದಶಕಗಳಲ್ಲಿ ರೈಲಿಯವರು ಸಂಪಾದಿಸಿದವು. ತಾನು ಇದುವರೆಗೆ ಒಂದನ್ನೂ ಪಡೆಯದಿದ್ದ ಇಪ್ಪತ್ತೈದರ ತರುಣನ ಮುಂದೆ ಆ ಚೀಲವು ಏನು ಹೇಳಿತೆಂಬುದನ್ನು ವಿವರಿಸಬೇಕಾಗಿಲ್ಲ.

ಹಾಗಿದ್ದರೂ ಉಂಗುರಗಳೇ ಅವನನ್ನು ಮಯಾಮಿಗೆ ಒಯ್ದುವೆಂದು ನಾನು ನಂಬಲಾರೆ. ಎಳೆದ ದಾರವು ಅದಕ್ಕಿಂತ ಹಳೆಯದು. ಮಯಾಮಿಯ ಡ್ವೇನ್ ವೇಡ್, ಟೊರಾಂಟೊದ ಕ್ರಿಸ್ ಬಾಷ್ ಇಬ್ಬರೂ ಲೆಬ್ರಾನನೊಡನೆ ಒಂದೇ ವರ್ಷ, 2003ರಲ್ಲಿ, ಈ ವೃತ್ತಿಗೆ ಕಾಲಿಟ್ಟವರು. 2006ರಲ್ಲಿ ಮೂವರೂ ದೀರ್ಘಾವಧಿಯ ಕರಾರನ್ನು ಒಲ್ಲದೆ, 2010ರಲ್ಲಿ ಏಕಕಾಲಕ್ಕೆ ಸ್ವತಂತ್ರರಾಗಬಹುದಾದ ಗಿಡ್ಡ ಕರಾರಿಗೆ ಸಹಿ ಹಾಕಿದವರು. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಒಂದೇ ತಂಡದಲ್ಲಿ ಆಡಿ ಚಿನ್ನವನ್ನು ಗೆದ್ದವರು. ಅದೇ ಗುಂಪಿನ ಕಾರ್ಮೆಲೊ ಆಂಟನಿಯು ಒಂದು ವರ್ಷ ಹೆಚ್ಚಿನ ಕರಾರನ್ನು ಒಪ್ಪಿದ್ದರಿಂದ ಆ ಬೇಸಿಗೆಯಲ್ಲಿ ಹೊರಗೇ ಉಳಿದನು. ದೇಶದ ಪರವಾಗಿ ಆಡುವ ಕೆಲವು ವಾರಗಳಲ್ಲಿ, ಬೆಳಗಿನ ಅಭ್ಯಾಸದಲ್ಲಿ, ಊಟದ ಮೇಜಿನಲ್ಲಿ, ಬಸ್ಸಿನ ಸೀಟಿನಲ್ಲಿ, ಒಬ್ಬನ ಶ್ರದ್ಧೆ ಎಂತಹುದು, ಸೋತಾಗ ಅವನ ಮುಖ ಹೇಗಿರುತ್ತದೆ ಎಂಬುದು ಇನ್ನೊಬ್ಬನಿಗೆ ತಿಳಿಯುವಂತೆ ಯಾವ ಮಾಲಿಕನ ನಿವೇದನೆಯಿಂದಲೂ ತಿಳಿಯದು. ಮೂವರೂ ತಮಗೆ ನ್ಯಾಯವಾಗಿ ದೊರೆಯಬಹುದಾಗಿದ್ದ ಗರಿಷ್ಠಕ್ಕಿಂತ ಕಡಿಮೆ ಸಂಬಳವನ್ನು ಒಪ್ಪಿ, ಉಳಿದ ಹಣದಲ್ಲಿ ಇನ್ನಿಬ್ಬರು ಒಳ್ಳೆಯ ಆಟಗಾರರಿಗೆ ಎಡೆ ಮಾಡಿಕೊಟ್ಟರು. ಮನುಷ್ಯನು ತನ್ನ ಸಂಗಾತಿಗಳ ಸಲುವಾಗಿ ಎಷ್ಟು ಕೋಟಿಗಳನ್ನು ಬಿಟ್ಟುಕೊಟ್ಟನೆಂಬುದಕ್ಕೆ ಕರಾರಿನ ಕಾಗದವೇ ಇಲ್ಲಿ ಸಾಕ್ಷಿ.

ಜುಲೈ 8ರಂದು ಲೆಬ್ರಾನನು ತನ್ನ ತೀರ್ಮಾನವನ್ನು ಒಂದು ಗಂಟೆಗೂ ಮೀರಿದ ಟೆಲಿವಿಷನ್ ಕಾರ್ಯಕ್ರಮವನ್ನಾಗಿ ಮಾಡಿ ಸಾರಿದನು. ಕ್ಲೀವ್‌ಲೆಂಡಿನ ಬೀದಿಗಳಲ್ಲಿ ಅವನ ಅಂಗಿಗಳನ್ನು ಸುಟ್ಟರು. ತಂಡದ ಮಾಲಿಕರು ಅಂದು ರಾತ್ರಿಯೇ ಕಟುವಾದ ಬಹಿರಂಗ ಪತ್ರವನ್ನು ಪ್ರಕಟಿಸಿದರು. ಹುಟ್ಟಿದ ನಾಡಿನ ಜನರ ಎದೆಯೊಡೆಯುವ ಸುದ್ದಿಯನ್ನು ಜಾಹೀರಾತುಗಳ ನಡುವೆ ಬಡಿಸಿದುದು ತಪ್ಪೆಂದೇ ನನ್ನ ಅಭಿಪ್ರಾಯ, ಹೋದದ್ದು ತಪ್ಪಲ್ಲ. ನಾಲ್ಕು ವರ್ಷವೂ ಮಯಾಮಿಯು ಅಂತಿಮ ಸರಣಿಯನ್ನು ಮುಟ್ಟಿತು, 2012 ಮತ್ತು 2013ರಲ್ಲಿ ಗೆದ್ದಿತು.

2014ರಲ್ಲಿ ಅದೇ ಮನುಷ್ಯನು ಅದೇ ಕ್ಲೀವ್‌ಲೆಂಡಿಗೆ ಹಿಂದಿರುಗಿದನು. ಈ ಬಾರಿ ಟೆಲಿವಿಷನ್ ಇರಲಿಲ್ಲ. ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್ ಪತ್ರಿಕೆಯ ಮೂಲಕ ಜುಲೈ 11ರಂದು ಹೊರಬಂದ ಒಂದು ಪತ್ರವಿತ್ತು, ಅದರ ತುಂಬ ಈಶಾನ್ಯ ಒಹಾಯೊದ ಮಾತಿತ್ತು. ಹುಟ್ಟೂರಿನ ಸೆಳೆತವು ಸೌಕರ್ಯದ ಕಾಲದಲ್ಲಿ ಕಾಣದಿದ್ದು, ಗೆಲುವಿನ ಹಸಿವು ಒಮ್ಮೆ ತಣಿದ ಮೇಲೆ ಮೇಲೆದ್ದು ಬರುವುದನ್ನು ಇಲ್ಲಿ ನೋಡುತ್ತೇವೆ. ಎರಡು ವರ್ಷಗಳ ನಂತರ, 2016ರ ಜೂನ್ 19ರಂದು, ಮೂರಕ್ಕೆ ಒಂದರ ಹಿನ್ನಡೆಯಿಂದ ಎದ್ದು ಅಂತಿಮ ಸರಣಿಯನ್ನು ಗೆದ್ದ ಮೊದಲ ತಂಡವಾಗಿ ಕ್ಲೀವ್‌ಲೆಂಡ್ ಚರಿತ್ರೆಯನ್ನು ಸೇರಿತು. 1964ರಿಂದ ಯಾವ ಪ್ರಮುಖ ಕ್ರೀಡೆಯಲ್ಲೂ ಪ್ರಶಸ್ತಿಯನ್ನು ಕಾಣದಿದ್ದ ನಗರ ಅದು.

ಅಂದು ಸೋತ ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡವೇ ಈ ಕಥೆಯ ಮುಂದಿನ, ಅತ್ಯಂತ ವಿವಾದಾಸ್ಪದವಾದ ಅಧ್ಯಾಯವನ್ನು ಬರೆಯಿತು. ಹೊಸ ಟೆಲಿವಿಷನ್ ಒಪ್ಪಂದದ ಹಣವು ಒಮ್ಮೆಲೇ ಹರಿದು ಬಂದದ್ದರಿಂದ ತಂಡಗಳ ವೇತನ ಮಿತಿಯು ಆ ವರ್ಷ 7 ಕೋಟಿಯಿಂದ 9.4 ಕೋಟಿ ಡಾಲರಿಗೆ ಜಿಗಿಯಿತು. ಇತ್ತ ವಾರಿಯರ್ಸ್ ತಂಡದ ಸ್ಟೀಫನ್ ಕರಿ, ಎರಡು ವರ್ಷ ಸತತವಾಗಿ ಅತ್ಯುತ್ತಮ ಆಟಗಾರನೆಂಬ ಮನ್ನಣೆಯನ್ನು ಪಡೆದಿದ್ದವನು, ತನ್ನ ಪಾದದ ಗಂಟುಗಳು ಪದೇಪದೇ ನೋಯುತ್ತಿದ್ದ 2012ರಲ್ಲಿ ಸಹಿ ಹಾಕಿದ್ದ ನಾಲ್ಕು ವರ್ಷಕ್ಕೆ 4.4 ಕೋಟಿಯ ಅಗ್ಗದ ಕರಾರಿನಲ್ಲಿಯೇ ಇನ್ನೂ ಇದ್ದನು. ಈ ಎರಡು ಆಕಸ್ಮಿಕಗಳು ಕೂಡಿ, 73 ಪಂದ್ಯಗಳನ್ನು ಗೆದ್ದ ತಂಡದಲ್ಲಿ ಇನ್ನೊಬ್ಬ ಮಹಾ ಆಟಗಾರನಿಗೆ ಜಾಗವು ಹುಟ್ಟಿತು. ಆ ಆಟಗಾರನು ಓಕ್ಲಹಾಮ ಸಿಟಿಯ ಕೆವಿನ್ ಡ್ಯುರಾಂಟ್. ಕೆಲವೇ ವಾರಗಳ ಹಿಂದೆ ಇದೇ ವಾರಿಯರ್ಸ್ ವಿರುದ್ಧ ಮೂರಕ್ಕೆ ಒಂದರ ಮುನ್ನಡೆಯಲ್ಲಿದ್ದು ಸೋತವನು.

ಅವನು ನ್ಯೂಯಾರ್ಕಿನ ಸಮೀಪದ ಹ್ಯಾಂಪ್ಟನ್ಸ್ ಎಂಬ ಕಡಲಂಚಿನ ಪ್ರದೇಶದಲ್ಲಿ ಒಂದು ಮನೆಯನ್ನು ಹಿಡಿದು ಕುಳಿತನು; ತಂಡಗಳು ಅಲ್ಲಿಗೆ ಬಂದುವು. ಬಾಸ್ಟನ್ನಿನವರು ತಮ್ಮೂರಿನ ಅಮೆರಿಕನ್ ಫುಟ್‌ಬಾಲಿನ ಮಹಾತಾರೆ ಟಾಮ್ ಬ್ರೇಡಿಯನ್ನು ಕರೆತಂದರು. ವಾರಿಯರ್ಸ್ ಕರೆತಂದದ್ದು ತಮ್ಮ ಆಟಗಾರರನ್ನೇ: ಕರಿ, ಕ್ಲೇ ಥಾಮ್ಸನ್, ಡ್ರೇಮಂಡ್ ಗ್ರೀನ್, ಆಂಡ್ರೆ ಇಗ್ವೊಡಾಲ. ತನ್ನ ಸಿಂಹಾಸನದ ಪಕ್ಕದಲ್ಲಿ ಇನ್ನೊಂದನ್ನು ಹಾಕಿಸುವುದಕ್ಕೆ ಕರಿಯು ಸ್ವತಃ ವಿಮಾನವೇರಿ ಬಂದದ್ದು ನನಗೆ ಈ ಇಡೀ ಪ್ರಸಂಗದಲ್ಲಿ ಅತ್ಯಂತ ಗೌರವಾರ್ಹವಾಗಿ ತೋರುತ್ತದೆ. ಶಕೀಲನನ್ನು ಇಪ್ಪತ್ತು ವರ್ಷಗಳ ಹಿಂದೆ ಒಲಿಸಿದ್ದ ಜೆರ‍್ರಿ ವೆಸ್ಟರೇ, ಈಗ ವಾರಿಯರ್ಸ್ ತಂಡದ ಸಲಹೆಗಾರರಾಗಿ, ದೂರವಾಣಿಯಲ್ಲಿ ಡ್ಯುರಾಂಟನೊಡನೆ ಮಾತನಾಡಿದರು; ಅಂತಿಮ ಸರಣಿಗಳಲ್ಲಿ ತಾವು ಮತ್ತೆ ಮತ್ತೆ ಉಂಡ ಸೋಲಿನ ಕಹಿಯನ್ನು ಬಲ್ಲವರು ಅವರು. ಜುಲೈ 4ರಂದು ಡ್ಯುರಾಂಟ್ ಒಪ್ಪಿದನು. ಬಲಿಷ್ಠರನ್ನು ಸೋಲಿಸುವುದನ್ನು ಬಿಟ್ಟು ಬಲಿಷ್ಠರನ್ನು ಕೂಡಿಕೊಂಡನೆಂಬ ಆಕ್ಷೇಪಣೆಯು ಆಗ ಎದ್ದುದು ಇಂದಿಗೂ ಅಡಗಿಲ್ಲ, ಅದರಲ್ಲಿ ಹುರುಳಿಲ್ಲವೆಂದು ನಾನೂ ಹೇಳೆನು. ಸ್ಪರ್ಧೆಯ ರುಚಿಯು ಎರಡು ಋತುಗಳ ಕಾಲ ಕೆಟ್ಟದ್ದು ನಿಜ. ಆದರೆ ಚೆಂಡು ಕೈಯಿಂದ ಕೈಗೆ ತಡೆಯಿಲ್ಲದೆ ಹರಿಯುವ ಆ ಆಟದ ಶೈಲಿಯೇ ಒಬ್ಬ ಆಟಗಾರನಿಗೆ ಆಮಿಷವಾಗಬಹುದೆಂಬುದನ್ನು, ಸಂಗೀತಗಾರನೊಬ್ಬನು ಒಳ್ಳೆಯ ಪಕ್ಕವಾದ್ಯವಿರುವ ಕಚೇರಿಯನ್ನು ಬಯಸುವಂತೆ ಅವನೂ ಬಯಸಬಹುದೆಂಬುದನ್ನು, ಟೀಕಾಕಾರರು ಎಣಿಕೆಗೆ ತೆಗೆದುಕೊಳ್ಳಲಿಲ್ಲ. 2017ರಲ್ಲಿ, ಮೊದಲ ಪ್ರಶಸ್ತಿಯ ತರುವಾಯ, ಸಂಗಡಿಗರನ್ನು ಉಳಿಸಿಕೊಳ್ಳಲು ತಂಡಕ್ಕೆ ಅನುಕೂಲವಾಗಲೆಂದು ಅವನು 90 ಲಕ್ಷ ಡಾಲರಿಗೂ ಮಿಕ್ಕ ಹಣವನ್ನು ಬಿಟ್ಟುಕೊಟ್ಟನು.

ದೊಡ್ಡ ನಗರ, ಹಿತವಾದ ಹವೆ, ತೆರಿಗೆಯ ಸೌಲಭ್ಯ ಇವುಗಳ ಮಾತನ್ನು ಬಹಳವಾಗಿ ಕೇಳುತ್ತೇವೆ. ತೆರಿಗೆಯ ಲಾಭವು ಹೊರಗೆ ತೋರುವಷ್ಟಿಲ್ಲ. 82 ಪಂದ್ಯಗಳಲ್ಲಿ ಅರ್ಧ ಪರಸ್ಥಳದಲ್ಲಿ ನಡೆಯುತ್ತವೆ, ಅಲ್ಲಿ ಆಡಿದ ದಿನಗಳ ಗಳಿಕೆಗೆ ಅನೇಕ ರಾಜ್ಯಗಳು ತಮ್ಮ ತೆರಿಗೆಯನ್ನು ವಿಧಿಸುತ್ತವೆ. ಜಾಹೀರಾತಿನ ವರಮಾನಕ್ಕೆ ಮಹಾನಗರ ಬೇಕೆಂಬುದೂ ಹಳೆಯ ಮಾತಾಯಿತು. ಡ್ಯುರಾಂಟನು ಓಕ್ಲಹಾಮದಲ್ಲಿದ್ದುಕೊಂಡೇ ಶೂ ಕಂಪನಿಯೊಡನೆ ಬೃಹತ್ತಾದ ಒಪ್ಪಂದವನ್ನು ಮಾಡಿಕೊಂಡಿದ್ದನು. ಇವುಗಳಿಗಿಂತ ಹೆಚ್ಚು ತೂಕವುಳ್ಳದ್ದು ದೇಹದ ಆರೈಕೆಯ ವಿಷಯದಲ್ಲಿನ ನಂಬಿಕೆ. ಕವಾಯ್ ಲೆನರ್ಡನು ತೊಡೆಯ ಗಾಯದ ಚಿಕಿತ್ಸೆಯ ಸಂಬಂಧದಲ್ಲಿ ಸ್ಯಾನ್ ಆಂಟೋನಿಯೊ ತಂಡದೊಡನೆ ಮನಸ್ತಾಪ ಬಂದು 2018ರಲ್ಲಿ ಟೊರಾಂಟೊಗೆ ಕಳುಹಿಸಲ್ಪಟ್ಟನು. ಅಲ್ಲಿಯವರು ಅವನನ್ನು ಜೋಪಾನವಾಗಿ, 60 ಪಂದ್ಯಗಳಲ್ಲಿ ಮಾತ್ರ ಆಡಿಸಿ, 2019ರಲ್ಲಿ ಪ್ರಶಸ್ತಿಯನ್ನು ಗೆದ್ದರು. ಅಷ್ಟಾದರೂ ಅವನು ಆ ಬೇಸಿಗೆಯಲ್ಲೇ ತನ್ನ ಹುಟ್ಟುನೆಲವಾದ ದಕ್ಷಿಣ ಕ್ಯಾಲಿಫೋರ್ನಿಯಕ್ಕೆ, ಕ್ಲಿಪ್ಪರ್ಸ್ ತಂಡಕ್ಕೆ, ಹಿಂದಿರುಗಿದನು. ಅದೂ ಆ ಸೀಮೆಯವನೇ ಆದ ಪಾಲ್ ಜಾರ್ಜನು ಜೊತೆಗೆ ಬರುವುದು ಖಚಿತವಾದ ಮೇಲೆ.

ಉಳಿದವರ ಕಥೆಯನ್ನು ಹೇಳದೆ ಹೋದರೆ ಹೋದವರ ಕಥೆಯು ಅರ್ಥವಾಗದು. 2000ದಲ್ಲಿ ಟಿಮ್ ಡಂಕನ್ನನು ಆರ್ಲಾಂಡೊಗೆ ಹೊರಟೇಬಿಟ್ಟನೆಂದು ಹಲವರು ಎಣಿಸಿದ್ದಾಗ, ಅವನ ಹಿರಿಯ ಸಂಗಾತಿ ಡೇವಿಡ್ ರಾಬಿನ್‌ಸನ್ ಹವಾಯಿಯಲ್ಲಿದ್ದ ತನ್ನ ರಜೆಯನ್ನು ನಡುವೆಯೇ ನಿಲ್ಲಿಸಿ ಸ್ಯಾನ್ ಆಂಟೋನಿಯೊಗೆ ಹಾರಿ ಬಂದು ಮಾತನಾಡಿದನು. ಡಂಕನ್ ಉಳಿದನು, ಹತ್ತೊಂಬತ್ತು ಋತುಗಳನ್ನೂ ಅಲ್ಲಿಯೇ ಕಳೆದು ಐದು ಪ್ರಶಸ್ತಿಗಳನ್ನು ಗೆದ್ದನು. 2015ರಲ್ಲಿ ಡಿಆಂಡ್ರೆ ಜೋರ್ಡನ್ ಡಲ್ಲಾಸಿಗೆ ಬರುವೆನೆಂದು ಬಾಯಿಮಾತು ಕೊಟ್ಟು ಆಮೇಲೆ ಸಂದಿಗ್ಧಕ್ಕೆ ಬಿದ್ದಾಗ, ಕ್ಲಿಪ್ಪರ್ಸ್ ತಂಡದ ಮಾಲಿಕರು, ತರಬೇತುದಾರರು, ಸಹ ಆಟಗಾರರು ಎಲ್ಲರೂ ಹ್ಯೂಸ್ಟನ್ನಿನ ಅವನ ಮನೆಗೆ ಹೋಗಿ, ಸಹಿ ಹಾಕಲು ಅನುಮತಿಯಿದ್ದ ಮಧ್ಯರಾತ್ರಿಯ ಗಳಿಗೆಯವರೆಗೂ ಮಾತನಾಡುತ್ತ, ಇಸ್ಪೀಟಾಡುತ್ತ, ಅವನ ಬಳಿಯೇ ಕುಳಿತುಬಿಟ್ಟರು. ಡಲ್ಲಾಸಿಗೆ ಅದು ಅನ್ಯಾಯವೇ. ಮಿಲ್ವಾಕಿಯ ಯಾನಿಸ್ ಆಂಟೆಟೊಕೂಂಪೊ, ಅಥೆನ್ಸಿನಲ್ಲಿ ನೈಜೀರಿಯದ ದಂಪತಿಗಳಿಗೆ ಹುಟ್ಟಿದ ಬಡ ಹುಡುಗ, 2020ರ ಡಿಸೆಂಬರಿನಲ್ಲಿ ಐದು ವರ್ಷಗಳ 22.8 ಕೋಟಿ ಡಾಲರಿನ ಕರಾರಿಗೆ ಸಹಿ ಹಾಕಿ ಆ ಚಳಿಯ ಊರಿನಲ್ಲಿಯೇ ನಿಂತನು. ಅದಕ್ಕೆ ಕೆಲವೇ ವಾರಗಳ ಮುಂಚೆ ತಂಡವು ತನ್ನ ಭವಿಷ್ಯದ ಡ್ರಾಫ್ಟ್ ಹಕ್ಕುಗಳನ್ನು ಧಾರೆಯೆರೆದು ಜ್ರೂ ಹಾಲಿಡೇ ಎಂಬ ಉತ್ತಮ ಜೊತೆಗಾರನನ್ನು ತಂದು ಅವನ ಪಕ್ಕದಲ್ಲಿ ನಿಲ್ಲಿಸಿತ್ತು. ಮುಂದಿನ ಜುಲೈಯಲ್ಲಿ ಯಾನಿಸನು, ನಿರ್ಣಾಯಕ ಪಂದ್ಯದಲ್ಲಿ ತಾನೊಬ್ಬನೇ 50 ಅಂಕಗಳನ್ನು ಗಳಿಸಿ, 1971ರ ತರುವಾಯ ಮಿಲ್ವಾಕಿಗೆ ಮೊದಲ ಪ್ರಶಸ್ತಿಯನ್ನು ತಂದನು. ಹೋಗುವವನನ್ನು ಎಳೆಯುವುದೂ ಇರುವವನನ್ನು ಹಿಡಿದು ನಿಲ್ಲಿಸುವುದೂ ಬಹುತೇಕ ಒಂದೇ ವಸ್ತು: ಪಕ್ಕದಲ್ಲಿ ಆಡುವವನು ಯಾರು, ಮಾತು ಕೊಟ್ಟವನು ನಂಬತಕ್ಕವನೇ ಎಂಬುದು.

ಈ ನಂಬಿಕೆಯನ್ನು ತಂಡದವರೇ ಮುರಿದ ಉದಾಹರಣೆಯೂ ಇತ್ತೀಚೆಗೆ ಕಣ್ಣೆದುರಿಗೆ ನಡೆದಿದೆ. ಡಲ್ಲಾಸ್ ತಂಡವನ್ನು 2024ರಲ್ಲಿ ಅಂತಿಮ ಸರಣಿಗೆ ಕೊಂಡೊಯ್ದ, 2018ರಿಂದ ಅಲ್ಲಿಯೇ ಬೆಳೆದ, ಸ್ಲೊವೇನಿಯದ ಲುಕಾ ಡಾಂಚಿಚನನ್ನು, 2025ರ ಫೆಬ್ರವರಿಯ ಮೊದಲ ರಾತ್ರಿ, ಆ ತಂಡದವರು ಅವನ ಇಷ್ಟವನ್ನು ಕೇಳದೆಯೇ ಲೇಕರ್ಸ್ ತಂಡಕ್ಕೆ ಸಾಗಹಾಕಿದರು. ಕರಾರಿನ ಅವಧಿಯು ಇನ್ನೂ ಉಳಿದಿದ್ದುದರಿಂದ ಅವನಿಗೆ ತಡೆಯುವ ಅಧಿಕಾರವಿರಲಿಲ್ಲ. ಸ್ವಂತ ತಂಡದಲ್ಲಿಯೇ ಇದ್ದವರಿಗೆ ಮೀಸಲಾದ, 34 ಕೋಟಿಗೂ ಮಿಕ್ಕ ಡಾಲರಿನ ವಿಶೇಷ ಕರಾರಿನ ಅರ್ಹತೆಯೂ ಆ ಒಂದು ರಾತ್ರಿಯಲ್ಲಿ ಅವನ ಕೈಬಿಟ್ಟಿತು. ಡಲ್ಲಾಸಿನ ಅಭಿಮಾನಿಗಳು ಅಂಕಣದ ಹೊರಗೆ ನೆರೆದು ಪ್ರತಿಭಟಿಸಿದರು, ಈ ಬಾರಿ ಆಟಗಾರನ ಮೇಲಲ್ಲ, ಆಡಳಿತದ ಮೇಲೆ. ಏಪ್ರಿಲಿನಲ್ಲಿ ಎದುರಾಳಿಯಾಗಿ ಅಲ್ಲಿಗೆ ಬಂದ ಅವನು ತನ್ನ ಹಳೆಯ ಆಟಗಳ ಚಿತ್ರಗಳನ್ನು ನೋಡುತ್ತ ಕಣ್ಣೀರಿಟ್ಟು, ಅನಂತರ ಅದೇ ಅಂಕಣದಲ್ಲಿ 45 ಅಂಕಗಳನ್ನು ಹೊಡೆದನು. ಆಗಸ್ಟಿನಲ್ಲಿ ಲೇಕರ್ಸ್ ಮುಂದಿಟ್ಟ ಮೂರು ವರ್ಷಗಳ, 16.5 ಕೋಟಿ ಡಾಲರಿನ ಕರಾರಿಗೆ ಅವನು ಸಹಿ ಹಾಕಿದನು. ಬೇಡವೆನ್ನುವ ಸ್ವಾತಂತ್ರ್ಯವಿದ್ದು, ತಾನಾಗಿ ಒಪ್ಪಿ ಹಾಕಿದ ಸಹಿ ಅದು.